ಹುಳುಮನೆಯ ಇಪ್ಪತ್ತನಾಲ್ಕು ಖಾನೆಗಳು

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ಇದೆ. ಮನೆಯೊಳಗಿನ ಗಾಳಿ ಎಷ್ಟು ಹಳಸಿದೆ ಎಂದು ನಿಮಿಷಕ್ಕೊಮ್ಮೆ ದಾಖಲಿಸುವ ಅಂಗೈಯಗಲದ ಮೀಟರೊಂದು ಎಳೆದ ಗೆರೆ ಅದು. ಡಿಸೆಂಬರಿನ ಒಂದು ಬೆಳಿಗ್ಗೆ, ಮುಳಬಾಗಿಲು ತಾಲ್ಲೂಕಿನ ತಾಯಲೂರಿನಿಂದ ಆಚೆಗಿರುವ ಹಳ್ಳಿಯೊಂದರಲ್ಲಿ, ಹೊಸದಾಗಿ ಕಟ್ಟಿದ ಮನೆಯ ನಡುಮನೆಯಲ್ಲಿ ಅದು ಬರೆದದ್ದು. ಗೆರೆ ಮೆಲ್ಲಗೆ ಏರುತ್ತದೆ, ನಡುವೆ ಒಮ್ಮೆ ತಗ್ಗುತ್ತದೆ, ಮತ್ತೆ ಏರುತ್ತದೆ, ಆಮೇಲೆ ಕಡಿದಾಗಿ ಮೇಲೆ ಹೋಗಿ ನಿಂತುಬಿಡುತ್ತದೆ. ಮೊದಲಿನಿಂದ ಕೊನೆಯವರೆಗೆ ಇಪ್ಪತ್ತಾರು ನಿಮಿಷ. ಅಷ್ಟು ಹೊತ್ತು ನಾನು ಒಂದು ಮುಚ್ಚಿದ ಬಾಗಿಲಿನ ಈಚೆ ಇದ್ದೆ. ಆಚೆ ಒಬ್ಬ ಹೆಂಗಸು ಸದ್ದಿಲ್ಲದೆ ಸಾವಿನ ಕಡೆಗೆ ಜಾರುತ್ತಿದ್ದರು.

ನನ್ನ ಕೆಲಸ ಏನೆಂದು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಮೇಲೆ ಕೋಲಾರದ ಒಂದು ಸಣ್ಣ ಕಚೇರಿಗೆ ಸೇರಿದೆ. ಫ್ರಿಜ್ಜು, ಫ್ಯಾನುಗಳ ಮೇಲೆ ಎಷ್ಟು ಕರೆಂಟು ಉಳಿಸುತ್ತವೆ ಎಂದು ನಕ್ಷತ್ರ ಅಂಟಿಸುತ್ತಾರಲ್ಲ, ಹಾಗೆ ಮನೆಗಳಿಗೂ ನಕ್ಷತ್ರ ಲೆಕ್ಕ ಹಾಕಿಕೊಡುವುದು ನಮ್ಮ ಕಸುಬು. ಟೇಪು ಹಿಡಿದು ಮನೆ ಅಳೆಯುತ್ತೇವೆ. ಗೋಡೆಯ ದಪ್ಪ, ಚಾವಣಿಯ ಬಗೆ, ಕಿಟಕಿಯ ದಿಕ್ಕು, ಸಂದುಗೊಂದಿನಲ್ಲಿ ನುಗ್ಗುವ ಗಾಳಿ ಎಲ್ಲವನ್ನೂ ಒಂದು ಸಾಫ್ಟ್‌ವೇರಿಗೆ ತುಂಬುತ್ತೇವೆ. ಅದು ಪರದೆಯ ಮೇಲೆ ಅದೇ ಮನೆಯನ್ನು ಇನ್ನೊಂದು ಸಲ ಕಟ್ಟಿ, ವರ್ಷದ ಪ್ರತಿಯೊಂದು ಗಂಟೆಯ ಬಿಸಿಲು ಚಳಿಯನ್ನು ಅದರ ಮೇಲೆ ಹಾಯಿಸಿ, ಕೊನೆಗೆ ಒಂದು ಅಂಕಿ ಹೇಳುತ್ತದೆ. ತಾಯಲೂರಿನ ಹವಾಮಾನದ ಕಡತ ನಮ್ಮ ಬಳಿ ಇಲ್ಲ. ಬೆಂಗಳೂರಿನದನ್ನೇ ಹಾಕುತ್ತೇವೆ. ಮಾಲೂರಿನ ಬಡಾವಣೆಗಳಿಗೂ ಅದೇ, ಶ್ರೀನಿವಾಸಪುರದ ತೋಪಿನ ಮನೆಗೂ ಅದೇ. ಹತ್ತಿರಹತ್ತಿರ ಬಂದರೆ ಸಾಕು ಎಂಬುದು ನಮ್ಮ ಕೆಲಸದಲ್ಲಿ ತಪ್ಪಲ್ಲ. ನಾನೂ ಹಾಗೆಯೇ ನಂಬಿದ್ದೆ.

ಆ ಮನೆಯ ಯಜಮಾನರು ಹೆದ್ದಾರಿ ಬದಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಹೆಂಡತಿ ಮನೆಯಲ್ಲಿ ರೇಷ್ಮೆಹುಳು ಮೇಯಿಸುತ್ತಾರೆ. ಮಾಲೂರಿನಲ್ಲಿರುವ ಅವರ ಷಡ್ಡಕನ ಮನೆಗೆ ನಮ್ಮ ಕಚೇರಿಯೇ ಮೂರು ನಕ್ಷತ್ರ ಕೊಟ್ಟಿತ್ತು. ಗೃಹಪ್ರವೇಶದ ದಿನ ಅಲ್ಲಿ ಗೋಡೆಗೆ ಹಾಕಿದ್ದ ನಕ್ಷತ್ರದ ಫಲಕ ನೋಡಿ ಬಂದವರು ಸೀದಾ ನಮ್ಮಲ್ಲಿಗೆ ಬಂದಿದ್ದರು.

ನಾನು ಮೊದಲ ಸಲ ಅಳತೆಗೆ ಹೋದದ್ದು ಸೆಪ್ಟೆಂಬರಿನಲ್ಲಿ. ಟೇಪಿನ ತುದಿ ಹಿಡಿದು ನನ್ನ ಹಿಂದೆಯೇ ಓಡಾಡಿದವರು ಅವರ ಹೆಂಡತಿ. ನಾನು ಅವರನ್ನು ಅಕ್ಕ ಎಂದೇ ಕರೆದೆ.

"ಏನಮ್ಮಾ, ಫ್ರಿಜ್ಜಿಗೆ ಅಂಟಿಸ್ತಾರೆ ಸರಿ. ಮನೇಗೂ ನಕ್ಷತ್ರ ಅಂಟಿಸ್ತಾರಾ?"

"ಅಂಟಿಸ್ತಾರೆ ಅಕ್ಕ."

"ಎಲ್ಲಿ? ಗೋಡೆಗಾ, ನಮ್ ಯಜಮಾನ್ರ ಹಣೇಗಾ?"

"ಲೇ, ಸುಮ್ನಿರೇ," ಅಂದರು ಯಜಮಾನರು. "ನಿನ್ ತಂಗಿ ಗಂಡ ಮೂರು ನಕ್ಷತ್ರ ಇಟ್ಕೊಂಡು ನನ್ ಮುಂದೆ ಮೀಸೆ ತಿರುವ್ತಾನೆ. ನಮ್ದು ನಾಲ್ಕು ಬರ್ಬೇಕು ಮೇಡಂ. ಏನ್ ಮಾಡ್ಬೇಕೋ ಹೇಳಿ, ಮಾಡ್ತೀನಿ." ಬಾಗಿಲಿನ ಪಕ್ಕದಲ್ಲಿ ಫಲಕಕ್ಕೆಂದು ಎರಡು ತೂತು ಕೊರೆದು ಸ್ಕ್ರೂ ಕೂಡ ಹಾಕಿಟ್ಟಿದ್ದರು.

ನಿವೇಶನ ಚಿಕ್ಕದು. ಹುಳುಮನೆಯನ್ನು ಬೇರೆಯಾಗಿ ಕಟ್ಟುವಷ್ಟು ಜಾಗವಿರಲಿಲ್ಲ. ಹಾಗಾಗಿ ನಡುಮನೆಗೆ ಹೊಂದಿಕೊಂಡ ಉದ್ದನೆಯ ಕೋಣೆಯೇ ಹುಳುಮನೆ. ಒಂದು ಕಿಟಕಿ, ಚಾವಣಿಯ ಕೆಳಗೆ ನಾಲ್ಕು ಗವಾಕ್ಷಿ, ನಡುಮನೆಗೆ ತೆರೆಯುವ ಒಂದು ಬಾಗಿಲು. ಒಳಗೆ ಹೋಗಬೇಕಾದರೆ ಕಾಲು ತೊಳೆದು, ಹೊಸ್ತಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದು ಹೋಗಬೇಕು. ಪೌಡರು ಹಚ್ಚಿಕೊಂಡವರಿಗೆ, ಹೂ ಮುಡಿದವರಿಗೆ ಪ್ರವೇಶವಿಲ್ಲ. ಅಕ್ಕ ನನ್ನ ಕುತ್ತಿಗೆಯ ಹತ್ತಿರ ಮೂಗು ತಂದು ಮೂಸಿ ನೋಡಿ, "ಹ್ಞೂಂ, ಬಾ," ಅಂದಿದ್ದರು. ಅಟ್ಟಣೆಯ ಮೇಲೆ ಅಟ್ಟಣೆ, ಪ್ರತಿಯೊಂದರಲ್ಲೂ ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳುಗಳ ಸಣ್ಣ ಸದ್ದು. ಮೂಲೆಯಲ್ಲಿ ಒಂದು ಕಬ್ಬಿಣದ ಕುಂಪಟಿ ಬೋರಲಾಗಿತ್ತು. ಚಳಿಗಾಲದಲ್ಲಿ ಇದ್ದಿಲ ಕೆಂಡ ತುಂಬಿ ಇಡುವುದಕ್ಕೆ ಎಂದು ಅವರೇ ಹೇಳಿದರು. ನಾನು ಕೇಳಿಸಿಕೊಂಡೆ. ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ಕೋಣೆಯ ಉದ್ದ, ಅಗಲ, ಎತ್ತರ.

ಕಚೇರಿಗೆ ಬಂದು ಕೂತಾಗ ಸಾಫ್ಟ್‌ವೇರು ಪ್ರತಿ ಕೋಣೆಗೂ ಕೇಳುವ ಪ್ರಶ್ನೆ ಕೇಳಿತು: ಇದು ಯಾವ ಕೋಣೆ? ಪಟ್ಟಿ ಇಷ್ಟೇ. ಮಲಗುವ ಕೋಣೆ, ನಡುಮನೆ, ಅಡುಗೆಮನೆ, ಸ್ನಾನದ ಮನೆ, ಉಗ್ರಾಣ. ಕೊನೆಯಲ್ಲಿ 'ಹೊಸದು' ಎಂಬುದೊಂದಿತ್ತು. ಅದನ್ನು ಒತ್ತಿದರೆ ಇಪ್ಪತ್ತನಾಲ್ಕು ಖಾನೆಗಳು ತೆರೆದುಕೊಳ್ಳುತ್ತವೆ. ದಿನದ ಒಂದೊಂದು ಗಂಟೆಗೆ ಒಂದೊಂದು. ಆ ಗಂಟೆಯಲ್ಲಿ ಎಷ್ಟು ಜನ ಒಳಗಿರುತ್ತಾರೆ, ಏನು ಉರಿಯುತ್ತದೆ, ಎಷ್ಟು ಹೊಸ ಗಾಳಿ ಬೇಕು ಎಂದು ತುಂಬಬೇಕು.

ನಮ್ಮ ಹಿರಿಯ ಎಂಜಿನಿಯರನ್ನು ಕೇಳಿದೆ. "ಸಾರ್, ಹುಳುಮನೆಗೆ ಏನು ಹಾಕಲಿ?"

"ಹುಳಕ್ಕೆಲ್ಲ ಕಾಲಂ ಇಲ್ಲಮ್ಮ. ಉಗ್ರಾಣ ಅಂತ ಹಾಕು. ಹತ್ತಿರಹತ್ತಿರ ಬರುತ್ತೆ."

ಹಾಕಿದೆ. ಉಗ್ರಾಣದಲ್ಲಿ ಜನ ಇರುವುದಿಲ್ಲ, ಬೆಂಕಿ ಇರುವುದಿಲ್ಲ. ಅದಕ್ಕೆ ಹೊಸ ಗಾಳಿ ಬೇಕಾಗುವುದೇ ಇಲ್ಲ. ಫಲಿತಾಂಶ ಬಂದಾಗ ಮನೆ ನಾಲ್ಕು ನಕ್ಷತ್ರಕ್ಕೆ ಒಂದು ಕೂದಲೆಳೆಯಷ್ಟು ಕೆಳಗೆ ನಿಂತಿತ್ತು. ಎಲ್ಲಿ ಸೋರುತ್ತಿದೆ ಎಂದು ಹುಡುಕಿದೆ. ಉಗ್ರಾಣದ ನಾಲ್ಕು ಗವಾಕ್ಷಿಗಳು ಕೆಂಪಾಗಿ ತೋರಿದವು. ಅವನ್ನು ಮುಚ್ಚಿ ನೋಡಿದೆ. ಅಂಕಿ ಗಡಿ ದಾಟಿತು. ನನಗೆ ಆಗ ಖುಷಿಯಾಗಿತ್ತು. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದೆ. ವರದಿಯ ಸಲಹೆಗಳ ಪುಟದಲ್ಲಿ ಮೊದಲ ಸಾಲು ನಾನೇ ಬರೆದೆ: ಉಗ್ರಾಣದ ಗವಾಕ್ಷಿಗಳನ್ನು ಮುಚ್ಚುವುದು, ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸುವುದು.

ಯಜಮಾನರು ಒಂದನ್ನೂ ಬಿಡಲಿಲ್ಲ. ಗವಾಕ್ಷಿಗಳಿಗೆ ಇಟ್ಟಿಗೆ ಇಟ್ಟು ಸಿಮೆಂಟ್ ಮೆತ್ತಿಸಿ ಫೋಟೊ ಕಳಿಸಿದರು. ಕಿಟಕಿಗೆ ರಬ್ಬರ್ ಅಂಟಿಸಿ ಫೋಟೊ ಕಳಿಸಿದರು. ನಡುಮನೆ ಬಾಗಿಲಿನ ಅಡಿಗೂ ಒಂದು ಪಟ್ಟಿ ತಂದಿದ್ದರಂತೆ. ಅದನ್ನು ಅಂಟಿಸುವುದಕ್ಕೆ ಭಾನುವಾರ ಬರಲಿ ಎಂದು ಬಿಟ್ಟಿದ್ದರು. ಆ ಬಿಟ್ಟ ಒಂದು ಬೆರಳಿನ ಸಂದು ಇಲ್ಲದಿದ್ದರೆ ನಾನು ಇದನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು.

ಡಿಸೆಂಬರಿನಲ್ಲಿ ಕೊನೆಯ ತಪಾಸಣೆಗೆ ಹೋದೆ. ಮುಳಬಾಗಿಲಿನಲ್ಲಿ ಬಸ್ಸಿಳಿದು, ತಾಯಲೂರಿನ ಬಸ್ಸು ಹಿಡಿದು, ಅಲ್ಲಿಂದ ಆಟೊದಲ್ಲಿ ಊರು ಮುಟ್ಟಿದಾಗ ಎಂಟೂವರೆಯಾಗಿತ್ತು. ಕೆರೆ ಕಡೆಯ ಮಂಜು ಇನ್ನೂ ಕರಗಿರಲಿಲ್ಲ. ಅಂಗಳದಲ್ಲಿ ಅಕ್ಕ ಕುಂಪಟಿಯಲ್ಲಿ ಇದ್ದಿಲು ಹೊತ್ತಿಸಿ ಬೀಸಣಿಗೆಯಿಂದ ಬೀಸುತ್ತಿದ್ದರು.

"ಏಮ್ಮಾ, ತಿನ್ನಾವಾ?" ಅಂದರು. ತಿಂದೆಯಾ ಎಂದು ತೆಲುಗಿನಲ್ಲಿ ಕೇಳುವುದು ಅವರ ರೂಢಿ. ಇಲ್ಲ ಅನ್ನುವ ಮೊದಲೇ ಒಳಗೆ ರಾಗಿ ರೊಟ್ಟಿ ಇದೆ ಎಂದರು.

"ಇಲ್ಲೇ ಯಾಕೆ ಹೊತ್ತಿಸ್ತೀರಾ ಅಕ್ಕ, ಒಳಗೇ ಹೊತ್ತಿಸಬಾರದಾ?"

"ಅಯ್ಯೋ, ಹೊಗೆ ಹುಳಕ್ಕೆ ಆಗಲ್ಲ ಕಣಮ್ಮ. ಹೊಗೆಯೆಲ್ಲಾ ಇಲ್ಲೇ ಹೋಗ್ಬೇಕು. ಕೆಂಡ ಹಿಂಗೆ ಮಾಗಿದ ಮೇಲೆ ಒಳಗಿಡೋದು. ನಮ್ಮತ್ತೆ ಕಲಿಸಿದ್ದು." ಕೆಂಡದ ಮೇಲೆ ಅಂಗೈ ಚಾಚಿ ತೋರಿಸಿದರು. ಎಳೆಯಷ್ಟೂ ಹೊಗೆ ಇರಲಿಲ್ಲ. ಹಳೆಯ ಮನೆಯಲ್ಲಿ ಅವರ ಅತ್ತೆಯೂ ಅವರೂ ಮೂವತ್ತು ವರ್ಷ ಹೀಗೇ ಮಾಡಿದ್ದರು. ಏನೂ ಆಗಿರಲಿಲ್ಲ. ಹಳೆಯ ಮನೆಗೆ ನಾಡಹೆಂಚಿನ ಚಾವಣಿ ಇತ್ತು. ಗಾಳಿ ಸಾವಿರ ಕಡೆ ಬಂದು ಹೋಗುತ್ತಿತ್ತು.

ಕುಂಪಟಿ ಎತ್ತಿಕೊಂಡು ಬಾಗಿಲ ಬಳಿ ನಿಂತು ಹೇಳಿದರು: "ಹುಳ ಮೂರನೇ ಜ್ವರಕ್ಕೆ ಕೂತವೆ. ಸುಣ್ಣ ಉದುರಿಸಿ ಎದ್ದವಾ ನೋಡಿ ಬರ್ತೀನಿ. ನೀನು ಬಾಗಿಲು ಮಾತ್ರ ತೆಗೀಬೇಡ. ಥಂಡಿ ಗಾಳಿ ಹೊಡೆದ್ರೆ ಒಂದಕ್ಕೊಂದು ಸೇರಲ್ಲ, ಒಂದು ಏಳತ್ತೆ ಒಂದು ಮಲಗತ್ತೆ. ಕೂಗೋದೂ ಬೇಡ."

ಹುಳು ಹಳೆಯ ಚರ್ಮ ಕಳಚುವ ಹೊತ್ತನ್ನು ಅಲ್ಲಿ ಜ್ವರ ಅನ್ನುತ್ತಾರೆ. ತಿನ್ನದೆ, ತಲೆ ಎತ್ತಿಕೊಂಡು, ಅಲುಗದೆ ಕೂತಿರುತ್ತವೆ. ಆ ಹೊತ್ತಿನಲ್ಲಿ ಮನೆಯವರೂ ಪಿಸುಮಾತಿನಲ್ಲಿ ಮಾತಾಡುತ್ತಾರೆ. ಬಾಗಿಲು ಮುಚ್ಚಿತು.

ನಾನು ನಡುಮನೆಯ ಮೇಜಿನ ಮೇಲೆ ಮೀಟರು ಹಚ್ಚಿಟ್ಟು ರೊಟ್ಟಿ ತಿಂದೆ. ಫಲಕದ ಸ್ಕ್ರೂಗಳ ಫೋಟೊ ತೆಗೆದೆ. ಲ್ಯಾಪ್‌ಟಾಪ್ ತೆರೆದೆ. ಸ್ವಲ್ಪ ಹೊತ್ತಿಗೆ ಮೀಟರಿನ ಅಂಕಿ ಏರತೊಡಗಿತು. ನಡುಮನೆಯಲ್ಲಿ ನಾನೊಬ್ಬಳೇ. ನನ್ನ ಒಬ್ಬಳ ಉಸಿರಿಗೆ ಅಷ್ಟು ಏರಬಾರದು. ಪರದೆಯ ಮೇಲಿನ ಮನೆಯನ್ನು ನೋಡಿದೆ. ನಡುಮನೆಯ ಪಕ್ಕದಲ್ಲಿರುವುದು ಉಗ್ರಾಣ, ಅದರಲ್ಲಿ ಏನೂ ಇಲ್ಲ. ಹಾಗಾದರೆ ಮೀಟರು ಕೆಟ್ಟಿದೆ ಎಂದುಕೊಂಡೆ.

ಈ ಒಂದು ಕ್ಷಣಕ್ಕೆ ನಾನು ಮತ್ತೆ ಮತ್ತೆ ಹೋಗುತ್ತೇನೆ. ಬಸ್ಸಿನಲ್ಲಿ ಕೂತಾಗ, ತಲೆಗೆ ನೀರು ಹಾಕಿಕೊಳ್ಳುವಾಗ, ಯಾರೋ ಏನೋ ಕೇಳಿ ನನ್ನ ಉತ್ತರಕ್ಕೆ ಕಾಯುತ್ತಿರುವಾಗ. ಕೆಂಡ ತುಂಬಿದ ಕುಂಪಟಿಯನ್ನು ಅವರು ಒಳಗೆ ಒಯ್ದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಗವಾಕ್ಷಿಗೆ ಸಿಮೆಂಟ್ ಮೆತ್ತಿದ ಫೋಟೊ ನನ್ನ ಮೊಬೈಲಿನಲ್ಲೇ ಇತ್ತು. ಎರಡೂ ನನಗೆ ಗೊತ್ತಿತ್ತು. ಎರಡನ್ನೂ ಜೋಡಿಸಲಿಲ್ಲ. ಪರದೆಯಲ್ಲಿ ಉಗ್ರಾಣ ಎಂದು ಬರೆದಿತ್ತು, ಬರೆದವಳು ನಾನೇ, ಅದನ್ನೇ ನಂಬಿದೆ.

ಮೀಟರನ್ನು ಆರಿಸಿ ಹಚ್ಚಿದೆ. ಮತ್ತೆ ಅದೇ. ಅಂಗಳಕ್ಕೆ ಒಯ್ದು ತೆರೆದ ಗಾಳಿಯಲ್ಲಿ ಹಿಡಿದೆ. ಅಂಕಿ ಇಳಿಯಿತು. ಗೆರೆಯ ನಡುವಿನ ತಗ್ಗು ಅದೇ. ಅಂಗಳದಲ್ಲಿ ಮೀಟರು ಹಿಡಿದು ನಿಂತು, ಸರಿಹೋಯಿತು ಎಂದು ಸಮಾಧಾನಪಟ್ಟೆ. ಒಳಗೆ ತಂದಿಟ್ಟರೆ ಮತ್ತೆ ಏರಿತು. ಆಗ ಬೇಸರದಿಂದ, ಬೇರೇನೂ ತೋಚದೆ, ಅದನ್ನು ಹಿಡಿದುಕೊಂಡು ಕೋಣೆ ಸುತ್ತಿದೆ. ಹುಳುಮನೆಯ ಬಾಗಿಲ ಬಳಿ ಬಗ್ಗಿದಾಗ, ಕೆಳಗಿನ ಒಂದು ಬೆರಳಿನ ಸಂದಿನೆದುರು, ಅಂಕಿ ಜಿಗಿಯಿತು. ಜಿಗಿದು ಮೀಟರಿನ ಮಿತಿ ಮುಟ್ಟಿ ನಿಂತಿತು.

"ಅಕ್ಕ," ಅಂದೆ ಪಿಸುಮಾತಿನಲ್ಲಿ.

ಕೂಗಬೇಡ ಎಂದಿದ್ದರಲ್ಲ. ಅದಕ್ಕೇ ಪಿಸುಗುಟ್ಟಿದೆ. ಎರಡು ಸಲ. ಆಗಲೂ ನಾನು ಬಾಗಿಲು ತೆಗೆಯಲಿಲ್ಲ. ಸುಣ್ಣದ ಪುಡಿಯ ಮೇಲೆ ಕಾಲಿಡಲು, ಅಂಗಳಕ್ಕೆ ಹೋಗುವಾಗ ಮೆಟ್ಟಿದ್ದ ಚಪ್ಪಲಿ ಬಿಟ್ಟೆ. ಚಪ್ಪಲಿ ಬಿಟ್ಟದ್ದು ನೆನಪಿದೆ. ಆಮೇಲೆ ತಳ್ಳಿದೆ.

ಅವರು ಅಟ್ಟಣೆಯ ಕಂಬಕ್ಕೆ ಒರಗಿ ಕೂತಿದ್ದರು. ಸುಣ್ಣದ ಜರಡಿ ಮಡಿಲಲ್ಲಿತ್ತು. ಮುಖ ಬಿಳಿಚಿರಲಿಲ್ಲ, ಕೆಂಪಗೇ ಇತ್ತು. ನಿದ್ದೆ ಎಂದೇ ಅಂದುಕೊಂಡೆ. ಭುಜ ಮುಟ್ಟಿದರೆ ತಲೆ ಪಕ್ಕಕ್ಕೆ ವಾಲಿತು. ಸುತ್ತ ಸಾವಿರಾರು ಹುಳುಗಳು ತಲೆ ಎತ್ತಿಕೊಂಡು ಅಲುಗದೆ ಕೂತಿದ್ದವು. ಕಂಕುಳಿಗೆ ಕೈ ಹಾಕಿ ಎಳೆದೆ. ಎಳೆಯುವಷ್ಟರಲ್ಲಿ ನನಗೂ ಕಣ್ಣಿಗೆ ಕತ್ತಲೆ ಬಂತು. ಹೇಗೆ ನಡುಮನೆ ದಾಟಿಸಿದೆನೋ ತಿಳಿಯದು. ಜಗುಲಿಗೆ ಬಂದು ಕೂಗಿದೆ. ಆ ಕೂಗಿಗೆ ಮಾತಿರಲಿಲ್ಲ.

ಅದೇ ಹೊತ್ತಿಗೆ ಯಜಮಾನರು ತೋಟದಿಂದ ಸೊಪ್ಪಿನ ಹೊರೆ ಹೇರಿಕೊಂಡು ಬೈಕಿನಲ್ಲಿ ಬಂದರು. ಅಂಗಳದಿಂದಲೇ ತೆರೆದ ಬಾಗಿಲು ಕಂಡಿತು.

"ಬಾಗಿಲು ಯಾರು ತೆಗ್ದಿದ್ದು? ಹುಳ ಜ್ವರದಲ್ಲವೆ!"

ಆಮೇಲೆ ಜಗುಲಿಯ ಕಡೆ ನೋಡಿದರು. ಬೈಕು ಅಲ್ಲೇ ಬಿತ್ತು. ಸೊಪ್ಪು ಚೆಲ್ಲಿತು. ಆ ಮೊದಲ ಮಾತಿಗಾಗಿ ಅವರು ತಮ್ಮನ್ನು ಇನ್ನೂ ಕ್ಷಮಿಸಿಕೊಂಡಿಲ್ಲ. ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. ನಾನು ಎರಡು ಸಲ ಪಿಸುಗುಟ್ಟಿದೆನೆಂದು ಅವರಿಗೆ ಹೇಳಿಲ್ಲ.

ಪಕ್ಕದ ಮನೆಯವರು ಟೊಮೆಟೊ ಸಾಗಿಸುವ ಗೂಡ್ಸ್ ಆಟೊ ತಂದರು. ಕ್ರೇಟುಗಳನ್ನು ರಸ್ತೆಗೆ ಎಸೆದು, ಚಾಪೆ ಹಾಸಿ, ಅದರ ಮೇಲೆ ಅವರನ್ನು ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ. ತೆರೆದ ಗಾಡಿಯಲ್ಲಿ ಚಳಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಆ ಗಾಳಿಯೇ ಅವರನ್ನು ಉಳಿಸಿತು ಎಂದು ಆಮೇಲೆ ಗೊತ್ತಾಯಿತು. ಅವತ್ತು ಮಾತ್ರ ನಾನು ಅವರಿಗೆ ಥಂಡಿಯಾಗುತ್ತದೆಂದು ದುಪಟ್ಟಾ ಹೊದಿಸಲು ಹೋದೆ. ಯಜಮಾನರು ನನ್ನ ಕೈ ತಡೆದರು. "ಉಸಿರಾಡ್ಲಿ ಬಿಡಮ್ಮ," ಅಂದರು.

ಮುಳಬಾಗಿಲಿನ ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು. ಅಲ್ಲಿನ ಡಾಕ್ಟರು ಕೋಣೆಯಲ್ಲಿ ಹೊಗೆ ಇತ್ತಾ ಎಂದು ಕೇಳಿದರು.

"ಇಲ್ಲ ಸಾರ್. ಒಂಚೂರೂ ಇರ್ಲಿಲ್ಲ. ಹೊಗೆ ಹೋದ್ಮೇಲೇ ಒಳಗಿಡೋದು."

"ಹೊಗೆ ಇದ್ದಿದ್ರೆ ಕೆಮ್ಮಿ ಎದ್ದು ಬರ್ತಿದ್ರಪ್ಪ," ಅಂದರು ಡಾಕ್ಟರು. "ಮುಚ್ಚಿದ ಕೋಣೇಲಿ ಕೆಂಡದಿಂದ ಬರೋ ವಿಷಗಾಳಿ ಇದು. ವಾಸನೇನೂ ಇಲ್ಲ, ಬಣ್ಣಾನೂ ಇಲ್ಲ. ಗವಾಕ್ಷಿ ಇರ್ಲಿಲ್ವಾ?"

ಯಜಮಾನರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. "ಇತ್ತು ಸಾರ್," ಅಂದೆ ನಾನು. "ಮುಚ್ಚಿಸಿದ್ದು ನಾವು."

ಅಲ್ಲಿಂದ ಕೋಲಾರಕ್ಕೆ ಕಳಿಸಿದರು. ಮಾರನೆಯ ದಿನ ಮಧ್ಯಾಹ್ನ ಅಕ್ಕ ಕಣ್ಣು ಬಿಟ್ಟು ಮೊದಲು ಕೇಳಿದ್ದು ಹುಳು ಎದ್ದವಾ ಎಂದು. ಎದ್ದಿದ್ದವು. ಅಕ್ಕಪಕ್ಕದ ಹೆಂಗಸರು ಬಾಗಿಲು ಹಾರುಹೊಡೆದಿಟ್ಟೇ ಸೊಪ್ಪು ಹಾಕಿದ್ದರು. ಒಂದಕ್ಕೊಂದು ಸೇರದೆ ಹಿಂದೆಮುಂದಾಗಿ ಎದ್ದಿದ್ದವು, ಅಷ್ಟೇ.

ನಾನು ಕಚೇರಿಗೆ ಹೋಗಿ ಆ ಮನೆಯ ವರದಿಯನ್ನು ಹಿಂದಕ್ಕೆ ಪಡೆಯಬೇಕೆಂದು ಬರೆದುಕೊಟ್ಟೆ. ಹಿರಿಯ ಎಂಜಿನಿಯರು ಅದನ್ನು ಎರಡು ಸಲ ಓದಿದರು. "ಉಗ್ರಾಣ ಅಂತ ಹಾಕು ಅಂದಿದ್ದು ನಾನು. ಅದನ್ನೂ ಬರಿ," ಅಂದರು. ಬರೆದೆ. ಆಮೇಲೆ ನಾವಿಬ್ಬರೂ ಸೇರಿ ಹಿಂದಿನ ವರದಿಗಳನ್ನೆಲ್ಲ ತೆಗೆದು ಉಗ್ರಾಣ ಎಂದು ಬರೆದ ಪ್ರತಿ ಮನೆಗೂ ಫೋನ್ ಮಾಡಿ ಅಲ್ಲಿ ನಿಜವಾಗಿ ಏನು ಮಾಡುತ್ತೀರಿ ಎಂದು ಕೇಳಿದೆವು. ಮಾಸ್ತಿಯ ಹತ್ತಿರದ ಒಂದು ಮನೆಯಲ್ಲಿ ಆ ಕೋಣೆಯಲ್ಲಿ ಅಜ್ಜಿ ಮಲಗುತ್ತಾರೆ ಎಂದರು. ಅವತ್ತೇ ಆ ಮನೆಗೆ ಹೋಗಿ ನೋಡಿ ಬಂದೆ.

ಫೆಬ್ರುವರಿಯಲ್ಲಿ ತಾಯಲೂರಿನ ಬಸ್ಸು ಹತ್ತಿದೆ. ಹೋಗುವುದಕ್ಕೆ ಅಷ್ಟು ದಿನ ಧೈರ್ಯ ಬಂದಿರಲಿಲ್ಲ. ಗವಾಕ್ಷಿಗಳ ಇಟ್ಟಿಗೆ ಒಡೆದು ತೆಗೆದಿದ್ದರು. ಅಂಚುಗಳು ಇನ್ನೂ ಒರಟಾಗಿಯೇ ಇದ್ದವು. ಫಲಕದ ಎರಡು ಸ್ಕ್ರೂಗಳಿಗೆ ಸುಣ್ಣದ ಜರಡಿ ತೂಗುಹಾಕಿತ್ತು. ಹುಳುಮನೆಯ ಬಾಗಿಲಿಗೆ ಒಂದು ರುಬ್ಬುಗುಂಡು ಒತ್ತಿಟ್ಟಿದ್ದರು, ಮುಚ್ಚದ ಹಾಗೆ. ಕುಂಪಟಿ ಕಾಣಲಿಲ್ಲ.

ಅಕ್ಕ ಸೊರಗಿದ್ದರು. ಸೊಪ್ಪು ಹಾಕುವ ಬಲಗೈ ಸಣ್ಣಗೆ ನಡುಗುತ್ತಿತ್ತು. ಕೆಲವು ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಜರಡಿಗೆ ಜರಡಿ ಅನ್ನುವುದಕ್ಕೆ ಹೊತ್ತು ಬೇಕಾಗುತ್ತದೆ ಎಂದು ಅವರೇ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು.

"ಎಷ್ಟೊತ್ತು ಹೊರಗಿದ್ದೆ ನೀನು?"

ನಾನು ಆ ಪ್ರಶ್ನೆಗೆ ಎರಡು ತಿಂಗಳಿನಿಂದ ತಯಾರಾಗಿದ್ದೆ. "ಇಪ್ಪತ್ತಾರು ನಿಮಿಷ ಅಕ್ಕ. ಮೀಟರು ಹೇಳ್ತಾನೇ ಇತ್ತು. ಕೆಟ್ಟಿದೆ ಅಂದ್ಕೊಂಡೆ. ಗೊತ್ತಾದ ಮೇಲೂ ಪಿಸುಗುಟ್ಟಿದೆ."

ಅವರು ಸೊಪ್ಪು ಹರಡುತ್ತಲೇ ಇದ್ದರು. "ತೆಗೀಬೇಡ ಅಂದಿದ್ದು ನಾನೇ ಅಲ್ವಾ," ಅಂದರು. ಕ್ಷಮಿಸಿದರೋ, ಬರೀ ಆದದ್ದನ್ನು ಹೇಳಿದರೋ ತಿಳಿಯಲಿಲ್ಲ. ಅಟ್ಟಣೆಯ ಕೊನೆ ಮುಟ್ಟಿದ ಮೇಲೆ ಕೈ ಒರೆಸಿಕೊಂಡು ಕೇಳಿದರು: "ನಿನ್ ಕಂಪ್ಯೂಟ್ರು ತಂದಿದೀಯಾ? ಅದ್ರಲ್ಲಿ ನಾನಿದೀನಾ ಈಗ?"

ತಂದಿದ್ದೆ. 'ಹೊಸದು' ಒತ್ತಿ ಆ ಕೋಣೆಯನ್ನು ಮತ್ತೆ ತುಂಬಿದ್ದೆ. ಬೆಳಿಗ್ಗೆ ಎಂಟರಿಂದ ಒಂಬತ್ತು, ಒಬ್ಬರು. ಸಂಜೆ ಐದರಿಂದ ಆರು, ಒಬ್ಬರು. ತೋರಿಸಿದೆ. ಅಕ್ಕ ಹೊಸ್ತಿಲ ಮೇಲೆ ಕೂತು ಪರದೆಗೆ ಮುಖ ತಂದು ನೋಡಿದರು.

"ಇಷ್ಟೇನಾ? ಎರಡು ಗಂಟೆ ಮೇಯ್ಸಿದ್ರೆ ಹುಳ ಗೂಡು ಕಟ್ತಾವಾ? ಬರ್ಕೊ ಮೊದಲು. ಐದಕ್ಕೆ ಏಳ್ತೀನಿ, ಕಸ ತೆಗೀತೀನಿ, ಸೊಪ್ಪು ಹಾಕೋಷ್ಟ್ರಲ್ಲಿ ಏಳು. ಎಷ್ಟಾಯ್ತು?"

"ಎರಡು ಗಂಟೆ."

"ಆಮೇಲೆ ಹತ್ತಕ್ಕೆ ಇನ್ನೊಂದ್ಸಲ. ಆಗ ಅವ್ರೂ ಇರ್ತಾರೆ, ಷಿಫ್ಟು ಮಧ್ಯಾಹ್ನದ್ದಾದ್ರೆ. ಇಬ್ರು ಅಂತ ಹಾಕು. ಮಧ್ಯಾಹ್ನ ಇಲ್ಲೇ ಒರಗ್ತೀನಿ ಒಂಚೂರು, ಅದನ್ನೂ ಹಾಕು. ಯಾಕ್ ನಿಂತೆ? ಹಾಕು."

ಅವರು ಹೇಳುತ್ತ ಹೋದರು, ಒಂದೊಂದು ಖಾನೆಯಾಗಿ. ಮರೆತ ಮಾತು ಬಂದರೆ ನಿಂತು, ಕೈಯಲ್ಲಿ ಮಾಡಿ ತೋರಿಸಿದರು. ನಾನು ಕಾದು ಬರೆದೆ. ಖಾನೆಗಳು ತುಂಬಿದ ಹಾಗೆ ಕೋಣೆಗೆ ಬೇಕಾದ ಹೊಸ ಗಾಳಿ ಹೆಚ್ಚಿ, ಕೆಳಗಿನ ನಕ್ಷತ್ರದ ಅಂಕಿ ಇಳಿಯುತ್ತಿತ್ತು. ಗವಾಕ್ಷಿ ತೆರೆದಾಗಲೇ ನಾಲ್ಕು ಹೋಗಿತ್ತು, ಈಗ ಮೂರೂ ಹೋಗುವ ಹಾಗಿತ್ತು. ಯಜಮಾನರು ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಿತ್ತು. ಅವರು ಅಂಕಿಯ ಕಡೆ ನೋಡುತ್ತಿರಲಿಲ್ಲ.

"ರಾತ್ರಿ ಹತ್ತರದ್ದು ಬಿಟ್ಟೆ ಕಣೇ," ಅಂದರು ಹೆಂಡತಿಗೆ. "ಕೊನೇ ಸೊಪ್ಪು."